ಸಣ್ಣ ಕ್ಯಾಸೆಟ್ಟಿನ ಬೀಗತನ

ನಮ್ಮ ಅಲ್ಮಾರಿಯ ತಳದ ಖಾನೆ ತೆರೆದರೆ ಈಗಲೂ ಬೂಷ್ಟು ಹಿಡಿದ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆ. ಅಲ್ಲಿದ್ದ ಅಕ್ಕನ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ನನ್ನ ಮಗಳು ಹೈದರಾಬಾದಿಗೆ ಒಯ್ದು, ಮೊಬೈಲಿನಲ್ಲಿ ನೋಡುವಂತೆ ಮಾಡಿಸಿಕೊಂಡು ಬಂದಿದ್ದಾಳೆ. ಅದು ಸಣ್ಣ ಕ್ಯಾಸೆಟ್ಟು. ಹಾಗೆಂದರೆ ನಿಮಗೆ ಏನೂ ಅನಿಸಲಿಕ್ಕಿಲ್ಲ. ಆದರೆ ಇದ್ದ ಜಾತಿಗಳು ಸಾಲದೆಂಬಂತೆ ಒಂದು ಕಾಲಕ್ಕೆ ರಾಯಚೂರಿನಲ್ಲಿ ಸಣ್ಣ ಕ್ಯಾಸೆಟ್ಟಿನವರು, ದೊಡ್ಡ ಕ್ಯಾಸೆಟ್ಟಿನವರು ಎಂದು ಇನ್ನೆರಡು ಜಾತಿಗಳಿದ್ದವು.

ವಿಡಿಯೋ ಮಷೀನು ಮಾಡುವ ಜಪಾನಿನ ಕಂಪನಿಗಳು ಒಂದು ಸಣ್ಣ ಕ್ಯಾಸೆಟ್ಟು, ಇನ್ನೊಂದು ದೊಡ್ಡ ಕ್ಯಾಸೆಟ್ಟು ಎಂದು ಜಿದ್ದಿಗೆ ಬಿದ್ದಿದ್ದವು. ಒಂದರ ಕ್ಯಾಸೆಟ್ಟು ಇನ್ನೊಂದರ ಮಷೀನಿಗೆ ಹಿಡಿಯುತ್ತಿರಲಿಲ್ಲ. ಊರೆಲ್ಲ ದೊಡ್ಡದನ್ನು ಕೊಂಡಾಗ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ ನಮ್ಮ ಕಾಕಾ ಸಣ್ಣದನ್ನು ಹೊತ್ತು ತಂದರು. "ಚಿತ್ರ ಇದರಾಗ ಸ್ವಚ್ಛ ಬರ್ತದ" ಎಂಬುದು ಅವರ ವಾದ. ಬಂತು, ನಿಜ. ಆದರೆ ಬಾಡಿಗೆ ಅಂಗಡಿಯಲ್ಲಿ ಸಣ್ಣ ಕ್ಯಾಸೆಟ್ಟುಗಳೇ ಇರುತ್ತಿರಲಿಲ್ಲ. ಇದ್ದೊಂದು ಭಕ್ತಿ ಸಿನಿಮಾವನ್ನು ಬಾಯಿಪಾಠವಾಗುವಷ್ಟು ಸ್ವಚ್ಛವಾಗಿ ನೋಡಿದೆವು. ನಾನೂ ಮಷೀನಿನ ಡಬ್ಬಿಯ ಮೇಲಿದ್ದುದನ್ನು ಓದಿಕೊಂಡು ಕಾಲೇಜಿನ ಚಹಾ ಅಂಗಡಿಯಲ್ಲಿ ವಾದ ಮಾಡುತ್ತಿದ್ದೆ. ಅಷ್ಟು ಪ್ರಚಾರಕ್ಕೆ ಕಂಪನಿಯವರು ನನಗೊಂದು ಪುಕ್ಕಟೆ ಕೊಡೆಯನ್ನೂ ಕೊಟ್ಟಿರಲಿಲ್ಲ.

ಅಕ್ಕನನ್ನು ಕೊಟ್ಟದ್ದು ಮಾನ್ವಿಗೆ, ದೊಡ್ಡ ಕ್ಯಾಸೆಟ್ಟಿನ ಮನೆಗೆ. ಮದುವೆ ಹಿಡಿದವನು ದೇವದುರ್ಗದ ವಿಡಿಯೋದವನು. ಕಾಕಾ ಅವನಿಂದ ಸಣ್ಣ ಕ್ಯಾಸೆಟ್ಟಿಗೆ ಕಾಪಿ ಮಾಡಿಸಿಕೊಂಡರು. ಬೀಗರು ತಮಗೊಂದು ಕಾಪಿ ಕೇಳುವ ಮೊದಲೇ ಮೂಲ ಕ್ಯಾಸೆಟ್ಟಿನ ಮೇಲೆ ಅವನು ತನ್ನ ಪದ್ಧತಿಯಂತೆ ಮುಂದಿನ ವಾರ ಇನ್ನಾರದೋ ಮದುವೆ ಹಿಡಿದುಬಿಟ್ಟ. ಹೀಗಾಗಿ ಅಕ್ಕನ ಮದುವೆ ನೋಡಬೇಕೆಂದರೆ ಜಗತ್ತಿನಲ್ಲಿ ಉಳಿದದ್ದು ನಮ್ಮ ಮನೆಯೊಂದೇ.

ಅಕ್ಕನ ಅತ್ತೆ ಕೆಟ್ಟವರಲ್ಲ. ಸೊಸೆಯನ್ನು ತವರಿಗೆ ಕಳಿಸುವುದೊಂದು ಬಿಟ್ಟು ಉಳಿದೆಲ್ಲದರಲ್ಲೂ ಧಾರಾಳಿ. ಹಬ್ಬಕ್ಕೆ ಕರೆಯಲು ಹೋದರೆ "ಮನಿ ಕೆಲಸ ಯಾರ್ ಮಾಡ್ತಾರ್ರಿ?" ಎನ್ನುವರು. ಅವ್ವ ಓಣಿಯೊಳಗೆ ಬಂದ ಆಟೋಗಳನ್ನೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಆದರೆ ಅತ್ತೆಗೂ ಒಂದು ಆಸೆಯಿತ್ತು. ಆ ವಿಡಿಯೋದಲ್ಲಿ ಹಸಿರು ಪತ್ತಲ ಉಟ್ಟು ಮದುಮಗಳಿಗಿಂತ ಹೆಚ್ಚು ಹೊತ್ತು ಕಾಣಿಸಿಕೊಂಡಿದ್ದರು. ಮದುವೆ ತಪ್ಪಿಸಿಕೊಂಡ ನೆಂಟರು ಬಂದಾಗಲೆಲ್ಲ ಅದನ್ನು ತೋರಿಸಬೇಕೆಂಬುದೇ ಆ ಆಸೆ.

"ನಮ್ಮ ಮಗನ ಮದಿವಿ ನೋಡಾಕ ನಾವು ರಾಯಚೂರಿಗೆ ಬರಬೇಕೇನ್ರಿ? ದೊಡ್ಡ ಕ್ಯಾಸೆಟ್ಟಿಗೆ ಹಾಕಿಸಿ ಕೊಡ್ರಿ."

"ಕಾಪಿ ಮ್ಯಾಲ ಕಾಪಿ ಮಾಡಿದ್ರ ಬಣ್ಣ ಹೋಗ್ತದ್ರಿ ಯವ್ವಾ. ನಿಮ್ಮ ಹಸಿರು ಪತ್ತಲ ಕರ್ರಗ ಕಾಣ್ತದ. ಇಲ್ಲೇ ಬರ್ರಿ, ಊಟ ಮಾಡ್ಕೊಂಡ್ ಹೋಗ್ರಿ" ಎಂದರು ಕಾಕಾ. ಬಳಿಕ ಗಂಭೀರವಾಗಿ, "ಮದುಮಗಳನ್ನ ಬಿಟ್ಟು ಮದಿವಿ ಕ್ಯಾಸೆಟ್ ಹಾಕಬಾರದ್ರಿ. ಛಲೋ ಅಲ್ಲ" ಎಂದು ಸೇರಿಸಿದರು.

ನಿನ್ನೆ ಮೊನ್ನೆ ಬಂದ ಮಷೀನಿಗೆ ಈ ಶಾಸ್ತ್ರ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಶಾಸ್ತ್ರವೆಂದ ಮೇಲೆ ಕೇಳುವವರುಂಟೇ? ಮಾನ್ವಿಯಿಂದ ನೆಂಟರ ತಂಡ ಬರುತ್ತಿತ್ತು, ಜೊತೆಗೆ ಅಕ್ಕ. ಅವರು ಪಡಸಾಲೆಯಲ್ಲಿ ಅತ್ತೆಯ ಪತ್ತಲ ನೋಡುತ್ತಿದ್ದರೆ ಅಕ್ಕ ಅಡುಗೆಮನೆಯಲ್ಲಿ ಅವ್ವನ ಪಕ್ಕ ಕುಳಿತು ಮಾತಾಡುತ್ತಿದ್ದಳು. ತನ್ನ ಮದುವೆಯನ್ನು ಅವಳು ಒಮ್ಮೆಯೂ ಪೂರ್ತಿ ನೋಡಲಿಲ್ಲ.

ದೊಡ್ಡ ಕ್ಯಾಸೆಟ್ಟು ಗೆದ್ದಿತು. ಆಮೇಲೆ ಸೀಡಿ ಬಂದು ಅದನ್ನೂ ನುಂಗಿತು. ಸೋತ ಮಷೀನನ್ನು ಕಾಕಾ ಬಿಚ್ಚಿ, ಒರೆಸಿ, ಬಿಡಿಭಾಗ ಹುಡುಕಿ ನಡೆಸಿಕೊಂಡು ಬಂದರು. ನಾವೆಲ್ಲ ಅದನ್ನು ಹಟವೆಂದುಕೊಂಡು ನಕ್ಕೆವು.

ಕಾಕಾ ಈಗಿಲ್ಲ, ಅವ್ವನೂ, ಅಕ್ಕನ ಅತ್ತೆಯೂ ಇಲ್ಲ. ಈಗ ಅಕ್ಕನೇ ಅತ್ತೆ. ನಿನ್ನೆ ನಾನು ಅವಳಿಗೆ ಫೋನು ಮಾಡಿ, "ನಿನ್ ಮದಿವಿ ಫೋನಿನಾಗ ಬಂದದ, ಈಗ ಕಳಿಸ್ಲೇನು?" ಎಂದೆ.

ಅಕ್ಕ ದನಿ ತಗ್ಗಿಸಿ, "ಕಳಿಸಬ್ಯಾಡಪ್ಪ. ಕಳಿಸಿದ್ರ ಇಲ್ಲೇ ಕುಂತು ನೋಡು ಅಂತಾರ. ಮೊಮ್ಮಕ್ಕಳನ್ನ ಬಿಟ್ಟು ಎಲ್ಲಿಗೂ ಹೋಗಾಕ ಆಗವಲ್ದು" ಎಂದಳು.

ಅಷ್ಟರಲ್ಲಿ ಭಾವ ಫೋನು ಇಸಿದುಕೊಂಡು, "ಮದಿವಿ ವಿಡಿಯೋ ಅಂತಲ್ಲ, ಕಳಿಸೋ" ಎಂದರು.

"ಅದು ಫೋನಿನಾಗ ತೆರಿಯಂಗಿಲ್ರಿ" ಎಂದೆ. "ನಮ್ಮ ಮನಿ ಟೀವಿಯಾಗ ಮಾತ್ರ ಬರ್ತದ. ಅಕ್ಕನ್ನ ಕರ್ಕೊಂಡು ಬರ್ರಿ, ನಾಕು ದಿನ ಇದ್ದು ಹೋಗೂವಂತ್ರಿ."

ಎದುರಿಗೆ ತನ್ನ ಫೋನಿನಲ್ಲೇ ಆ ವಿಡಿಯೋ ನೋಡುತ್ತ ಕುಳಿತಿದ್ದ ಮಗಳು ತಲೆಯೆತ್ತಿ ನನ್ನನ್ನೇ ನೋಡಿದಳು.