ಆಂಟಿಯ ತಂಗಿ ಮಾಡಿದ ಫೋನು

ಕೊಲ್ಲಿ ನಾಡಿನ ಸಾಲ್ಮಿಯಾದ ನಮ್ಮ ಮನೆಯಲ್ಲಿ ಆ ವಾರ, ಯಾವ ಗಳಿಗೆಯಲ್ಲಾದರೂ ಹೊರಡಲೆಂದು, ಪಾಸ್‌ಪೋರ್ಟುಗಳ ಚೀಲ ಬಾಗಿಲ ಬಳಿಯೇ ಇತ್ತು. ಯುದ್ಧಕ್ಕೆ ಒಪ್ಪಿಗೆ ಕೊಡಬೇಕೇ ಬೇಡವೇ ಎಂದು ಅಮೆರಿಕದ ಸಂಸತ್ತಿನಲ್ಲಿ ಮತ ಹಾಕುವುದಿತ್ತು. ಪಕ್ಷದ ನಾಯಕರು ಸಂಸದರನ್ನು ಹೇಗೆ ಹಿಂಡುತ್ತಿದ್ದಾರೆಂದು ಟಿವಿಯಲ್ಲಿ ಕೇಳಿ ಕೇಳಿ ನನಗೆ ರೇಗಿಹೋಗಿತ್ತು. ಕೈ ಎತ್ತುವವರು ಅವರು, ಸೈರನ್ ಕೇಳಿ ಮೆಟ್ಟಿಲಿಳಿದು ಓಡುವವರು ನಾವು!

ಪಕ್ಕದ ಫ್ಲ್ಯಾಟಿನ ಮಂಗಳೂರಿನ ಆಂಟಿ ಮಾತ್ರ ಸುಮ್ಮನೆ ಕೂರಲಿಲ್ಲ. ಅವರ ತಂಗಿ ಅಮೆರಿಕದಲ್ಲಿ ನರ್ಸ್, ಈಗ ಅಲ್ಲಿಯ ಪ್ರಜೆ. ಅಲ್ಲಿ ಮತದಾರರು ತಮ್ಮ ಸಂಸದರ ಕಚೇರಿಗೆ ಫೋನ್ ಮಾಡಿ, ಹೀಗೆ ಮತ ಹಾಕಿ ಎಂದು ಹೇಳಬಹುದಂತೆ. ನನಗೇಕೆ ಈ ಉಸಾಬರಿ ಎಂದು ಅಂಜುತ್ತಿದ್ದ ತಂಗಿಯ ಬೆನ್ನುಬಿದ್ದು ಆಂಟಿ, ಯುದ್ಧ ಬೇಡ ಎಂದು ಹೇಳಲು ಫೋನ್ ಮಾಡಿಸಿಯೇ ಬಿಟ್ಟರು. ಆಮೇಲೆ ನಮ್ಮ ಮನೆಗೆ ಬಂದರು.

"ಮೆಸೇಜ್ ಬಿಡ್ಲಿಕ್ಕೇ ಆಗ್ಲಿಲ್ಲವಂತೆ ಮಾರಾಯ್ತಿ. ಅಷ್ಟು ಜನ ಫೋನ್ ಮಾಡಿ ಮೇಲ್‌ಬಾಕ್ಸ್ ಫುಲ್ ಆಗಿದೆಯಂತೆ!" ಅವರ ಮುಖದಲ್ಲಿ ಗೆದ್ದ ಕಳೆ.

"ಯುದ್ಧ ಬೇಕು ಅನ್ನೋರೇ ಮಾಡಿರಬಹುದಲ್ಲ ಆಂಟಿ?" ಎಂದೆ.

"ಅವರಿಗೆ ಫೋನ್ ಯಾಕೆ? ಅವರು ಟಿವಿಯಲ್ಲೇ ಮಾತಾಡ್ತಾರಲ್ಲ!"

ನಾನು ಟಿವಿ ಆರಿಸಿ ಕಾಫಿಗೆ ಇಟ್ಟೆ.

ಮತದಾನದ ಹಿಂದಿನ ದಿನ ಆ ತಂಗಿ, ಯಾರೂ ಹೇಳದೆಯೇ, ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಸಂಸದರ ಕಚೇರಿಗೆ ಹೋದಳು. ಒಬ್ಬಳೇ ಹೇಗೆ ಮಾತಾಡುವುದೆಂದು ದಾರಿಯುದ್ದಕ್ಕೂ ಹೆದರಿದ್ದಳಂತೆ. ಹೋಗಿ ನೋಡಿದರೆ, ಬಾಗಿಲಿನಿಂದ ರಸ್ತೆಯವರೆಗೂ ಯುದ್ಧ ಬೇಡ ಎನ್ನಲು ಬಂದ ಜನ ಸಾಲುಗಟ್ಟಿ ನಿಂತಿದ್ದರಂತೆ.