ರೈಲಿನ ಏರಿಗೆ ನಾವಿಟ್ಟ ಮೆಟ್ಟಿಲು

ಚಳ್ಳಕೆರೆಯಿಂದ ರಾಯದುರ್ಗದ ಕಡೆಗೆ ರೈಲಿನ ಹಾದಿ ಹಾಕಿದಾಗ ನಾನು ಮದುವೆಯಾಗಿ ಬಂದು ಎರಡು ಬೇಸಿಗೆ ಕಳೆದಿದ್ದವು. ನಮ್ಮದು ಮೂವತ್ತು ಮನೆಗಳ ಹಟ್ಟಿ. ಕುಡಿಯುವ ನೀರಿಗೆ ಇದ್ದದ್ದು ಒಂದೇ ಬಾವಿ, ಹಟ್ಟಿಯ ಮೂಡಲಿಗೆ, ಕೂಗಳತೆ ದೂರದಲ್ಲಿ. ಬೇರೆ ಎಲ್ಲಿ ತೋಡಿದರೂ ಸವುಳು ನೀರು. ರೈಲಿನವರು ಏರಿ ಹಾಕಿದ್ದು ಸರಿಯಾಗಿ ಹಟ್ಟಿಗೂ ಆ ಬಾವಿಗೂ ನಡುವೆ.

ಆ ಏರಿಗೆ ಮಣ್ಣು ಹೊತ್ತವರೂ ನಾವೇ. ನಾನು, ನನ್ನ ಅತ್ತೆ, ವಾರಗಿತ್ತಿ, ಹಟ್ಟಿಯ ಇನ್ನೂ ಹತ್ತಾರು ಹೆಂಗಸರು ಆರು ತಿಂಗಳು ಪುಟ್ಟಿ ಹೊತ್ತೆವು. ಮೊದಮೊದಲು ಏರಿ ಮೊಣಕಾಲೆತ್ತರ ಇತ್ತು, ಕೆಲಸ ಮುಗಿಸಿ ದಾಟಿಕೊಂಡು ನೀರಿಗೆ ಹೋಗುತ್ತಿದ್ದೆವು. ಅದು ಎದೆಯೆತ್ತರ ಬಂದ ದಿನ ಅತ್ತೆ ಪುಟ್ಟಿ ಕೆಳಗಿಟ್ಟು ಮೇಸ್ತ್ರಿಯನ್ನು ಕೇಳಿದರು.

"ಇದು ಹಿಂಗೇ ಏರ್ತಾ ಹೋದ್ರೆ ನಾವು ನೀರಿಗೆ ಹೋಗೋದು ಹೆಂಗಪ್ಪ?"

ಮೇಸ್ತ್ರಿ ರಾಯದುರ್ಗದ ಕಡೆಯವನು, ತೆಲುಗು ಬೆರೆಸಿ ಮಾತಾಡುತ್ತಿದ್ದ. "ಅಮ್ಮಾ, ಹಳ್ಳದಾಗೆ ಮೋರಿ ಕಟ್ತಾರೆ ಕದಾ, ಅದರ ಕೆಳಗೆ ತೂರ್ಕೊಂಡು ಹೋಗ್ರಿ" ಅಂದ.

ಆ ಮೋರಿ ಒಂದು ಮೈಲಿ ಆಚೆ. ಖಾಲಿ ಕೊಡ ಹಿಡಿದು ಒಂದು ಮೈಲಿ ಹೋಗಿ, ಮೋರಿ ತೂರಿ, ಏರಿಯ ಆ ಮಗ್ಗುಲಲ್ಲಿ ಮತ್ತೆ ಒಂದು ಮೈಲಿ ಹಿಂದಕ್ಕೆ ಬಂದರೆ ಬಾವಿ. ಆಮೇಲೆ ತುಂಬಿದ ಕೊಡ ಹೊತ್ತು ಅದೇ ದಾರಿ. ಹಳ್ಳದ ಮರಳಲ್ಲಿ ಕಾಲು ಹೂತುಹೋಗುತ್ತಿತ್ತು. ಹೊತ್ತು ಹುಟ್ಟುವ ಮುಂಚೆ ಹೊರಟವರು ಎರಡನೇ ಕೊಡ ಇಳಿಸುವಾಗ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು.

ನಮ್ಮಪ್ಪ ಕೂಲಿ ಮಠದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಹಾಗಾಗಿ ಹಟ್ಟಿಯ ಹೆಂಗಸರಲ್ಲಿ ಓದು ಬರಹ ಬರುತ್ತಿದ್ದದ್ದು ನನಗೊಬ್ಬಳಿಗೇ. ಬಾವಿಗೆ ದಾರಿ ಬಿಡಿ ಎಂದು ರೈಲಿನವರಿಗೆ ನಾನೇ ಅರ್ಜಿ ಬರೆದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಉತ್ತರ ಬರಲಿಲ್ಲ. ಇನ್ನೊಂದು ಬರೆದೆ. ಅದಕ್ಕೂ ಇಲ್ಲ.

ಅಷ್ಟರಲ್ಲಿ ರೈಲು ಓಡಾಡತೊಡಗಿತು. ನಾವು ಮೋರಿಯ ಸುತ್ತು ಬಿಟ್ಟು ಏರಿ ಹತ್ತಿಯೇ ದಾಟುತ್ತಿದ್ದೆವು. ಏರಿ ಈಗ ಎರಡಾಳು ಎತ್ತರ, ಮಗ್ಗುಲೆಲ್ಲ ಸಡಿಲ ಗರಸು. ಒಂದು ಬೆಳಿಗ್ಗೆ ನನ್ನ ವಾರಗಿತ್ತಿ ತುಂಬಿದ ಕೊಡದ ಸಮೇತ ಜಾರಿ ಉರುಳಿದಳು. ಬಲಗೈ ಮಣಿಕಟ್ಟು ಮುರಿಯಿತು. ಕಟ್ಟು ಹಾಕಿಸಿದರೂ ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ಮುದ್ದೆ ತಿರುವುವಾಗ ಇವತ್ತಿಗೂ ಎಡಗೈಯನ್ನೇ ಮುಂದೆ ಮಾಡುತ್ತಾಳೆ.

ಅವಳನ್ನು ಮಲಗಿಸಿ ಹೊರಗೆ ಬಂದ ಅತ್ತೆ ಅಂದರು: "ಅರ್ಜಿ ಸಾಕು ಮಗಳೇ. ಕಲ್ಲು ತರಾನ ನಡಿ."

ಹೊಲದ ಬದುಗಳಲ್ಲಿ ಬಿದ್ದಿದ್ದ ಚಪ್ಪಡಿಗಳನ್ನು ಹೆಂಗಸರೇ ಉರುಳಿಸಿಕೊಂಡು, ಎಳೆದುಕೊಂಡು ತಂದೆವು. ಏರಿಯ ಈ ಮಗ್ಗುಲಿಗೆ ಒಂಬತ್ತು, ಆ ಮಗ್ಗುಲಿಗೆ ಒಂಬತ್ತು ಮೆಟ್ಟಿಲು. ಕಂಬಿಯನ್ನು ನಾವು ಮುಟ್ಟಲಿಲ್ಲ, ಜಲ್ಲಿಯನ್ನೂ ಕದಲಿಸಲಿಲ್ಲ. ನಾಲ್ಕನೇ ದಿನ ಮೆಟ್ಟಿಲಿಳಿದು ನೀರು ತಂದಾಗ ಒಬ್ಬರೂ ಸುಮ್ಮನಿರಲಿಲ್ಲ; ಹಬ್ಬದ ಹಾಗೆ ಗದ್ದಲ.

ಮೆಟ್ಟಿಲು ವಾರ ಉಳಿಯಲಿಲ್ಲ. ಏರಿಯಲ್ಲಿ ಹೊರಗಿನವರು ಕಲ್ಲಿಡುವ ಹಾಗಿಲ್ಲ, ಕೀಳಿಸಿ ಎಂದು ಮೇಲಿನಿಂದ ಹುಕುಂ ಬಂತು. ಕೀಳಬೇಕಾದ ಗ್ಯಾಂಗಿನಲ್ಲಿ ನನ್ನ ಗಂಡನೂ ಇದ್ದರು. ಹಾದಿ ಮುಗಿದ ಮೇಲೆ ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಹಟ್ಟಿಯಿಂದ ತೆಗೆದುಕೊಂಡದ್ದು ಅವರೊಬ್ಬರನ್ನೇ. ಅವರು ಹಾರೆ ಹಾಕಿ ಒಂದೊಂದೇ ಚಪ್ಪಡಿ ಎಬ್ಬಿಸುವುದನ್ನು ನಾನು ಕೊಡ ಹಿಡಿದು ನಿಂತು ನೋಡಿದೆ. ಅವತ್ತು ಅವರಿಗೆ ಮುದ್ದೆ ಇಕ್ಕಿದವಳೇ ಎದ್ದು ಹೊರಗೆ ಹೋಗಿ ಕೂತೆ.

ಉಂಡು ಕೈ ತೊಳೆದು ಅವರೇ ಅಂದರು: "ಹೋಗಿ ನೋಡು. ಒಂದೂ ಒಡೆದಿಲ್ಲ."

ಹೋಗಿ ನೋಡಿದರೆ ಹದಿನೆಂಟೂ ಕಲ್ಲು ಏರಿಯ ಬುಡದಲ್ಲಿ ಜೋಡಿಸಿಟ್ಟಿದ್ದವು, ಕೆಳಗಿನ ಮೆಟ್ಟಿಲಿನದು ಮೇಲೆ ಬರುವ ಹಾಗೆ, ಎತ್ತಿಡಲು ಸಲೀಸಾಗಿ. ನನ್ನ ಸಿಟ್ಟು ಅಲ್ಲೇ ಇಳಿಯಿತು. ಮಾರನೇ ಬೆಳಿಗ್ಗೆ ಅಷ್ಟನ್ನೂ ಮತ್ತೆ ಇಟ್ಟೆವು. ಅವರು ಕಿತ್ತರು, ನಾವು ಇಟ್ಟೆವು. ಮೂರು ಸಲ ಹೀಗೆ ನಡೆಯಿತು.

ನಾಲ್ಕನೇ ಸಲ ಹುಕುಂ ಕಳಿಸಿದ್ದ ರೈಲಿನ ಸಾಹೇಬರೇ ಕಂಬಿಯ ಮೇಲೆ ಆಳುಗಳು ತಳ್ಳುವ ಟ್ರಾಲಿಯಲ್ಲಿ ಬಂದರು. ತಲೆಗೆ ದೊಡ್ಡ ಟೋಪಿ. ಟ್ರಾಲಿಯಿಂದ ಇಳಿಯದೆ, ನನ್ನ ಗಂಡನಿಗೆ, "ನನ್ನ ಕಣ್ಣೆದುರಿಗೇ ಕಿತ್ತು ಒಡೆದುಹಾಕು" ಅಂದರು.

ಮೆಟ್ಟಿಲ ಮೇಲೆ ಕೊಡ ಹಿಡಿದು ನಾವು ಹದಿನೈದು ಹೆಂಗಸರು ನಿಂತಿದ್ದೆವು. ಎಲ್ಲರಿಗಿಂತ ಮೇಲಿನ ಕಲ್ಲಿನ ಮೇಲೆ ಅತ್ತೆ ಕೂತಿದ್ದರು. ನನ್ನ ಗಂಡ ಅವ್ವನ ಮುಖ ನೋಡಿದರು, ಆಮೇಲೆ ನನ್ನ ಮುಖ. ಹಾರೆಯನ್ನು ನಿಧಾನವಾಗಿ ಕೆಳಗಿಟ್ಟರು.

"ಕೀಳು ಅಂದ್ರಿ, ಮೂರು ಸಲ ಕಿತ್ತೆ. ಒಡೆಯಾಕೆ ನನ್ನ ಕೈಲಿ ಆಗಲ್ಲ ಸ್ವಾಮಿ."

"ಹಾಗಾದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಆಗ್ಲಿ ಬಿಡ್ರಿ."

ಸಾಹೇಬರು ಗ್ಯಾಂಗಿನ ಉಳಿದವರ ಕಡೆ ತಿರುಗಿದರು. ಅವರಲ್ಲೂ ಒಬ್ಬರೂ ಹಾರೆ ಎತ್ತಲಿಲ್ಲ. ಕೊನೆಗೆ ಮೇಸ್ತ್ರಿಗೆ ಹೇಳಿದರು. ಮೋರಿ ತೂರಿ ಹೋಗಿ ಅಂದಿದ್ದವನು ಇವನೇ. ತನ್ನ ಹಾರೆಯನ್ನೂ ನನ್ನ ಗಂಡನ ಹಾರೆಯ ಪಕ್ಕಕ್ಕೆ ಹಾಕಿ, "ನಾ ವಲ್ಲ ಕಾದು ದೊರಾ" ಅಂದ. ನನ್ನಿಂದಲೂ ಆಗದು ಎಂದು.

ಸಾಹೇಬರ ಮುಖ ಕೆಂಪೇರಿತು. ಅತ್ತೆ ಎದ್ದು ಟ್ರಾಲಿಯ ಹತ್ತಿರ ಹೋದರು.

"ಸ್ವಾಮಿ, ನಿಮಗೆ ಕೊಡ ಹೊರು ಅನ್ನಲ್ಲ. ಬರಿಗೈಲಿ ಬರ್ರಿ. ನೀವು ಹೇಳೋ ದಾರೀಲಿ ಬಾವಿಗೆ ಹೋಗಿ ಬರಾನ. ಬಂದ ಮ್ಯಾಲೆ ನೀವು ಒಡಿ ಅಂದ್ರೆ ನಾನೇ ಒಡೀತೀನಿ."

ಅವರು ಯಾಕೆ ಒಪ್ಪಿದರೋ ಗೊತ್ತಿಲ್ಲ. ಅಷ್ಟು ಜನರೆದುರು ಆಗದು ಅನ್ನಲು ನಾಚಿಕೆಯಾಯಿತೋ ಏನೋ. ಅತ್ತೆ ಮುಂದೆ, ಅವರು ನಡುವೆ, ತಲೆಯ ಮೇಲೆ ಕೊಡ ಇಟ್ಟುಕೊಂಡು ನಾನು ಹಿಂದೆ. ಜಾಲಿಮುಳ್ಳು, ಕಾದ ಮರಳು. ಮೋರಿಯೊಳಗೆ ಬಗ್ಗಿ ನಡೆಯುವಾಗ ಅವರ ಟೋಪಿ ಕಲ್ಲಿಗೆ ತಾಗಿ ಬಿತ್ತು. ಎತ್ತಿಕೊಂಡರು, ಮತ್ತೆ ಹಾಕಿಕೊಳ್ಳಲಿಲ್ಲ. ಬಾವಿಯ ಹತ್ತಿರ ಅತ್ತೆ ನೀರು ಸೇದಿ ಕೊಟ್ಟರು, ಸಾಹೇಬರು ಬೊಗಸೆಯೊಡ್ಡಿ ಕುಡಿದರು. ವಾಪಸು ಅದೇ ದಾರಿ ಹಿಡಿಯುತ್ತೇವೆ ಎಂದುಕೊಂಡರೆ ಅವರು ನೆಟ್ಟಗೆ ಏರಿಯ ಕಡೆ ನಡೆದು, ನಮ್ಮ ಮೆಟ್ಟಿಲು ಹತ್ತಿ, ಯಾರ ಮುಖವನ್ನೂ ನೋಡದೆ ಟ್ರಾಲಿಯಲ್ಲಿ ಕೂತುಬಿಟ್ಟರು.

"ಗಾಡಿ ಬರೋ ಹೊತ್ತಲ್ಲಿ ದಾಟಬೇಡಿ" ಅಂದದ್ದೊಂದೇ ಮಾತು.

ಮೆಟ್ಟಿಲು ಉಳಿಯಿತು. ಗಂಡನ ಕೆಲಸ ಉಳಿಯಲಿಲ್ಲ. ಎದುರು ಮಾತಾಡಿದವನನ್ನು ಮತ್ತೆ ಸೇರಿಸುವುದು ಅವರ ರೂಢಿಯಲ್ಲಿರಲಿಲ್ಲವಂತೆ. ಆದರೂ ಕ್ಷಮಾಪಣೆ ಬರೆದುಕೊಟ್ಟರೆ ಸೇರಿಸಿಕೊಂಡಾರು ಎಂದು ಮೇಸ್ತ್ರಿ ಒಂದು ದಿನ ಬಂದು ಹೇಳಿದ. ಬರೆಯಬೇಕಾದವಳು ನಾನೇ ತಾನೆ. ಗಂಡನ ಮುಖ ನೋಡಿದೆ. "ಬರೀಬ್ಯಾಡ" ಅಂದರು. ಮತ್ತೆ ಕುರಿ ಹಿಂದೆ ಹೋದರು. ದೊಡ್ಡಉಳ್ಳಾರ್ತಿಯ ಕಾವಲಿನ ತನಕ ಮೇಯಿಸಿಕೊಂಡು ಬರುತ್ತಿದ್ದರು. ಕಷ್ಟವಾಯಿತು, ನಿಜ. ಆದರೆ ಒಡೆಯಲು ಆಗಲ್ಲ ಅಂದ ಮಾತನ್ನು ಯಾವತ್ತೂ ಅವರು ವಾಪಸು ತೆಗೆದುಕೊಳ್ಳಲಿಲ್ಲ.

ಇವೆಲ್ಲ ಆಗಿ ಎಷ್ಟೋ ವರ್ಷಗಳಾದವು. ಅತ್ತೆ ಈಗಿಲ್ಲ. ಹೋದ ವರ್ಷ ನಾನೂ ಗಂಡನೂ ಚಳ್ಳಕೆರೆಯಲ್ಲಿ ರೈಲು ಹತ್ತಿ ರಾಯದುರ್ಗದ ತನಕ ಹೋಗಿಬಂದೆವು. ನಾವೇ ಮಣ್ಣು ಹೊತ್ತ ಹಾದಿಯಲ್ಲಿ ಆ ತುದಿಯ ತನಕ ಕೂತು ಹೋದದ್ದು ಅದೇ ಮೊದಲು. ಶೇಂಗಾ ಚೀಲಗಳ ನಡುವೆ ಕಿಟಕಿ ಪಕ್ಕ ಜಾಗ ಸಿಕ್ಕಿತ್ತು. ಹೊರಗೆ ನೋಡುತ್ತ ಹೋದರೆ ಹಟ್ಟಿ ಹಟ್ಟಿಗೂ ಏರಿಯ ಮೇಲೆ ಕಾಲುಹಾದಿ! ಕೆಲವು ಕಡೆ ಕುರಿಗಳು ತುಳಿದು ತುಳಿದು ಏರಿಯ ಮಗ್ಗುಲೇ ಸವೆದಿತ್ತು. ಒಂದು ಕಡೆ ಮೆಟ್ಟಿಲಿಗೆಂದು ಮರದ ದಿಮ್ಮಿ ಹೂತಿದ್ದರು. ಎದುರಿಗೆ ಮೊಳಕಾಲ್ಮೂರಿನ ನೇಕಾರರ ಮನೆಯ ಹೆಂಗಸೊಬ್ಬಳು ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳಿಗೆ ನಮ್ಮ ಕತೆ ಹೇಳಿದೆ.

"ನಮ್ಮ ತವರಾಗೂ ಹಿಂಗೇ ಅಕ್ಕಾ. ಬೇಲಿ ಹಾಕಿದ್ರು, ನಮ್ಮವ್ವ ಕಿತ್ತಾಕಿದ್ಳು" ಅಂದಳು, ಏನೂ ದೊಡ್ಡದಲ್ಲ ಎಂಬಂತೆ. ನನ್ನ ಗಂಡ ಜೋರಾಗಿ ನಕ್ಕುಬಿಟ್ಟರು.

ಈಗ ಹಟ್ಟಿಗೆ ಕೈಪಂಪು ಬಂದಿದೆ. ನೀರು ಸವುಳು, ಬಟ್ಟೆಗೂ ದನಕ್ಕೂ ಆಗುತ್ತದೆ. ಕಳೆದ ತಿಂಗಳು ರೈಲಿನ ಕಡೆಯವನೊಬ್ಬ, ಇನ್ನೂ ಮೀಸೆ ದಪ್ಪಗಾಗದ ಹುಡುಗ, ಕಾಗದ ಹಿಡಿದು ಬಂದ.

"ಅಜ್ಜಿ, ಪಂಪೈತಲ್ಲ, ಇನ್ನು ಈ ಮೆಟ್ಟಿಲು ಯಾಕೆ? ತೆಗೆಸಿಬಿಡ್ತೀವಿ" ಅಂದ.

ಪಂಪಿನಿಂದ ಒಂದು ಲೋಟ ನೀರು ಹಿಡಿದು ಅವನ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದು ಉಗಿದ.

"ಇದನ್ನ ಕುಡ್ಕಂಡು ಬದುಕು ಅಂತೀಯಾ? ಮೆಟ್ಟಿಲು ತೆಗೀಬೇಕಂದ್ರೆ ಮೊದ್ಲು ಆ ಬಾವಿ ಎತ್ಕಂಬಂದು ಈ ಕಡೆ ಇಡಪ್ಪ. ಅಲ್ಲೀಗಂಟ ಒಂದು ಕಲ್ಲೂ ಮುಟ್ಟಂಗಿಲ್ಲ."

ಅವನು ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಹೋದ. ಮತ್ತೆ ಬರುತ್ತಾನೋ ಏನೋ. ಬರಲಿ. ಹಟ್ಟಿಯ ಸೊಸೆಯಂದಿರಿಗೆಲ್ಲ ನಾನು ಓದು ಬರಹ ಕಲಿಸಿದ್ದೇನೆ; ಕಲ್ಲು ಉರುಳಿಸುವುದನ್ನೂ ಕಲಿಸಿದ್ದೇನೆ.