ಅತ್ತೆಯವರು ಮತ್ತೆ ಕಾರು ಹತ್ತಿದ್ದು

ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಅಂಗಳದಿಂದ ಪೆಟ್ರೋಲಿನ ವಾಸನೆ ಬಂತು. ಎದ್ದು ನೋಡಿದರೆ ನನ್ನ ಮಗಳು ಕಾರನ್ನು ಜ್ಯಾಕಿನ ಮೇಲೆ ಎತ್ತಿ, ಮುಂದಿನ ಗಾಲಿ ಬಿಚ್ಚಿ, ಹೊಳೆಯುವ ಕಬ್ಬಿಣದ ತಟ್ಟೆಯೊಂದನ್ನು ಚಿಂದಿಯಿಂದ ಒರೆಸುತ್ತಿದ್ದಾಳೆ. ಅವಳು ಇಲ್ಲೇ ಚಿಕ್ಕೋಡಿಯಲ್ಲಿ ಹಲ್ಲಿನ ಡಾಕ್ಟರು. ವಾರವೆಲ್ಲ ಜನರ ಬಾಯೊಳಗೆ ಕೈ ಹಾಕಿದ್ದು ಸಾಲದೆಂದು ಸಂಡೇ ದಿನ ಕಾರಿನ ಗಾಲಿಯೊಳಗೂ ಹಾಕಬೇಕು, ಅಷ್ಟೇ.

“ಹಳೇ ಬ್ರೇಕ್ ತಗದು ಚಲೋವು ಹಾಕಾಕತ್ತೀನಿ ಮಮ್ಮಿ. ನೀ ದೂರ ನಿಂದ್ರು. ಆ ಡಿಸ್ಕ್ ಮಾತ್ರ ಮುಟ್ಟಬ್ಯಾಡ,” ಅಂದಳು.

ಮುಟ್ಟಲಿಲ್ಲ. ಡಿಸ್ಕನ್ನು ಯಾಕೆ ಮುಟ್ಟಬಾರದೆಂಬುದು ನಮ್ಮ ಮನೆಯವರಿಗೆ ಗೊತ್ತಿರುವಷ್ಟು ಈ ಸೀಮೆಯಲ್ಲಿ ಇನ್ನಾರಿಗೂ ಗೊತ್ತಿರಲಿಕ್ಕಿಲ್ಲ. ಕೂತುಕೊಳ್ಳಿ, ಹೇಳುತ್ತೇನೆ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಲೇಡಿಯಾದವಳು ಮೊಣಕಾಲು ಜೋಡಿಸಿಕೊಂಡು ಕಾರಿನಿಂದ ಹೇಗೆ ಇಳಿಯಬೇಕೆಂದು ನಮ್ಮ ಸಿಸ್ಟರ್ ಒಬ್ಬರು ಕುರ್ಚಿ ಇಟ್ಟು ಪ್ರ್ಯಾಕ್ಟೀಸ್ ಮಾಡಿಸಿದ್ದರು. ಅಷ್ಟೆಲ್ಲ ಕಲಿತು ಮದುವೆಯಾಗಿ ಬಂದದ್ದು ಐನಾಪುರಕ್ಕೆ, ಕಬ್ಬು ಮತ್ತು ದ್ರಾಕ್ಷಿಯ ಮನೆತನಕ್ಕೆ. ಕಾರೇನೋ ಇತ್ತು. ಆದರೆ ಅದರ ಹಿಂದಿನ ಸೀಟಿನ ತುಂಬ ಸದಾ ಎಮ್ಮೆಯ ಹಿಂಡಿ ಚೀಲ. ಮೊಣಕಾಲು ಜೋಡಿಸುವುದಿರಲಿ, ಕಾಲಿಡಲಿಕ್ಕೇ ಜಾಗ ಇರುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ಅಥಣಿಯಿಂದ ಬರುತ್ತಿದ್ದೆವು. ಇವರು ಸ್ಟಿಯರಿಂಗ್ ಮುಂದೆ, ಪಕ್ಕದಲ್ಲಿ ಅತ್ತೆ, ಹಿಂದೆ ಚೀಲಗಳ ನಡುವೆ ನಾನು. ಮುಂದೆ ಹೋಗುತ್ತಿದ್ದ ಕಬ್ಬಿನ ಗಾಡಿ ಫಕ್ಕನೆ ನಿಂತಿತು. ಇವರು ಬ್ರೇಕ್ ತುಳಿದರು. ಬ್ರೇಕು ಕಿರ್ರೆಂದಿತು, ಕಾರು ಮಾತ್ರ ಸಾವಕಾಶ ಯೋಚನೆ ಮಾಡಿ ನಿಂತಿತು. ಅಷ್ಟರಲ್ಲಿ ಗಾಡಿಯಿಂದ ಹಿಂದಕ್ಕೆ ಚಾಚಿದ್ದ ಕಬ್ಬಿನ ಜಲ್ಲೆಯೊಂದು ಮುಂದಿನ ಗಾಜು ಒಡೆದು ಒಳಗೆ ಬಂದು, ಅತ್ತೆಯ ಮುಖದ ಮುಂದೆ ಗೇಣು ದೂರದಲ್ಲಿ ನಿಂತುಬಿಟ್ಟಿತು. ಯಾರಿಗೂ ಗಾಯವಾಗಲಿಲ್ಲ. ಅತ್ತೆ ಬೈಯಲೂ ಇಲ್ಲ. ಸೀರೆಯ ಮೇಲಿನ ಗಾಜಿನ ಚೂರು ಕೊಡವಿ, ಬಾಗಿಲು ತೆಗೆದು ಇಳಿದು, ಸೆರಗು ಹೊದ್ದು, ಮುಂದಿನ ಸ್ಟಾಪಿನವರೆಗೆ ನಡೆದು ಬಸ್ಸು ಹತ್ತಿದರು.

ಆಮೇಲೆ ಅವರು ಕಾರಿನ ಹತ್ತಿರ ಸುಳಿಯಲಿಲ್ಲ. ಅಂಕಲಿಯಲ್ಲಿದ್ದ ತಮ್ಮ ಅಕ್ಕನನ್ನು ನೋಡಲು, ಆ ಮೊಣಕಾಲು ನೋವಿನಲ್ಲೂ, ಎರಡು ಬಸ್ಸು ಬದಲಿಸಿ ಹೋಗುತ್ತಿದ್ದರು. ಎದುರುಮನೆಯ ಕಾಕಾನಿಗೆ ಅದೇ ಮಾತು. “ಏನಪಾ ಬಾಳಾಸಾಹೇಬ, ನಿನ್ನ ಕಾರು ನೆಳ್ಳಾಗ, ನಿಮ್ಮವ್ವ ಬಿಸಲಾಗ! ಕಾರಿಗೇ ಭಾಳ ಮರ್ಯಾದಿ ಐತಿ ಬಿಡು.” ಇವರು ನಗುತ್ತಿದ್ದರು. ಮನೆಗೆ ಬಂದ ಮೇಲೆ ಊಟ ಸೇರುತ್ತಿರಲಿಲ್ಲ. ಕಾರು ಕೆಟ್ಟದ್ದಕ್ಕಲ್ಲ, ತಾಯಿ ತನ್ನನ್ನು ನಂಬುವುದಿಲ್ಲವಲ್ಲ ಎಂಬುದಕ್ಕೆ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೆಂಡತಿಗೆ ಹೇಳಬೇಕೆ?

ಕೊನೆಗೆ ಬ್ರೇಕನ್ನೇ ಬದಲಿಸುವುದೆಂದು ನಿಶ್ಚಯಿಸಿದರು. ಗ್ಯಾರೇಜಿಗೆ ಒಯ್ಯಿರಿ ಎಂದೆ. “ಅವ್ವನ ಮುಂದ ಗಾಜ ಒಡಿಸಿದಾಂವ ನಾ, ನಾನ ಸರಿ ಮಾಡತೀನಿ,” ಅಂದರು. ಪುಣೆಯಿಂದ ದಪ್ಪನೆಯ ಹೊಸ ಡಿಸ್ಕು, ಒಳ್ಳೆಯ ಪ್ಯಾಡು ತರಿಸಿದರು. ನನ್ನಂಥ ದಡ್ಡಿಗೂ ತಿಳಿಯುವ ಹಾಗೆ ವಿವರಿಸಿದ್ದರು: ಡಿಸ್ಕೆಂದರೆ ಗಾಲಿಯ ಜೊತೆ ತಿರುಗುವ ತಟ್ಟೆ, ಪ್ಯಾಡೆಂದರೆ ಅದನ್ನು ಎರಡೂ ಮಗ್ಗುಲಿನಿಂದ ಇಕ್ಕಳದ ಹಾಗೆ ಅವುಚಿ ಹಿಡಿದು ನಿಲ್ಲಿಸುವ ತುಂಡು. ಅಂಗಳದಲ್ಲಿ ಜ್ಯಾಕು, ಜ್ಯಾಕಿನ ಕೆಳಗೆ ಹಲಗೆ, ಹಿಂದಿನ ಗಾಲಿಗೆ ಕಲ್ಲು. ಮುಂದಿನ ಎರಡೂ ಗಾಲಿಗಳ ಹಳೆಯ ಡಿಸ್ಕು ಹೊರತೆಗೆದಾಗ ಮೈತುಂಬ ಗೀರು. ಹೊಸವನ್ನು ಪೆಟ್ರೋಲಿನಿಂದ ಒರೆಸಿ ಕೂರಿಸಿ, ಪ್ಯಾಡು ಹಾಕಿ, ಗಾಲಿ ಹಾಕುವ ಮೊದಲು ಊಟಕ್ಕೆ ಎದ್ದರು.

ಊಟ ಮುಗಿಸಿ ಬಂದು ನೋಡಿದರೆ ಎರಡೂ ಡಿಸ್ಕಿನ ನಟ್ಟನಡುವೆ ಒಂದೊಂದು ಕುಂಕುಮದ ಬೊಟ್ಟು. ಇವರ ಮುಖ ಅರಳಿತು. “ನೋಡಿದೇನ? ಅವ್ವ ಪೂಜಿ ಮಾಡ್ಯಾಳ,” ಎಂದು ನನ್ನನ್ನು ಕರೆದು ತೋರಿಸಿದರು. ಇಬ್ಬರಿಗೂ ಎಷ್ಟು ಖುಷಿಯಾಯಿತೆಂದರೆ, ಹೊಸ ಡಿಸ್ಕು ಮೊದಲಿಗಿಂತ ತುಸು ಹೆಚ್ಚೇ ಮಿಂಚುತ್ತಿರುವುದು ಇಬ್ಬರ ಕಣ್ಣಿಗೂ ಬೀಳಲಿಲ್ಲ.

ಗಾಲಿ ಹಾಕಿ, ಅಂಗಳದಲ್ಲೇ ಟ್ರಯಲ್. ಕಾಕಾ ತಮ್ಮ ಕಟ್ಟೆಯ ಮೇಲೆ ಹಾಜರು. ಅತ್ತೆ ಬಾಗಿಲ ಹಿಂದೆ. ಕಾರು ಹೊರಟಿತು, ಇವರು ಬ್ರೇಕ್ ತುಳಿದರು, ಕಾರು ಬೆಣ್ಣೆಯ ಮೇಲೆ ಜಾರಿದ ಹಾಗೆ ಮುಂದೆ ಹೋಗಿ ಜೋಳದ ಕಣಕಿಯ ಬಣವೆಯೊಳಗೆ ಮೂತಿ ತೂರಿಸಿ ನಿಂತಿತು. ಎಮ್ಮೆ ತಿರುಗಿ ನೋಡಿತು.

“ಹಸದೈತಿ ಬಿಡಪಾ, ಮೇಯ್ಲಿ!” ಅಂದರು ಕಾಕಾ.

ಇವರು ಇಳಿದು ಯಾರ ಮುಖವನ್ನೂ ನೋಡದೆ ಗಾಲಿ ಬಿಚ್ಚಿದರು. ಡಿಸ್ಕಿನ ಮೇಲೆ ಬೆರಳಾಡಿಸಿ ಮೂಸಿದರು. ಕುಸುಬಿ ಎಣ್ಣೆ.

“ಅವ್ವಾ, ಎಣ್ಣಿ ಹಚ್ಚಿದೇನು?”

“ಹಚ್ಚೀನಿ. ಹೊಸಾ ಕಬ್ಬಣ ಮನೀಗೆ ಬಂದ್ರ ಎಣ್ಣಿ ಹಚ್ಚಿ ಕುಂಕಮಾ ಇಡೂದಿಲ್ಲೇನು? ಕುಡಗೋಲಿಗೆ ಹಚ್ಚತೀವಿ, ಕುಂಟಿಗೆ ಹಚ್ಚತೀವಿ. ಇದಕ್ಕ ಜರಾ ಜಾಸ್ತೀನ ಹಚ್ಚೀನಿ. ನನ್ನ ಮಗನ್ನ ಕಾಯೂ ಕಬ್ಬಣ ಐತೆಲ್ಲಪಾ.”

ಇವರು ಸಿಟ್ಟಾಗುತ್ತಾರೆಂದು ನಾನು ಕಾದೆ. ಅವರು ಎಣ್ಣೆಯಾದ ಕೈಗಳನ್ನು ನೋಡುತ್ತ ಕುಕ್ಕರಗಾಲಲ್ಲಿ ಕೂತೇ ಇದ್ದರು. ಆಮೇಲೆ ಮೆಲ್ಲಗೆ, “ಇದು ಹಿಡೀಬೇಕವ್ವಾ, ಜಾರಬಾರದು. ಕುಡಗೋಲಿನಂಗಲ್ಲ ಇದು,” ಅಂದರು. ಅತ್ತೆಯ ಮುಖ ಬಿಳಿಚಿತು. ನನಗೆ ಅತ್ತೆಯ ಹತ್ತಿರ ಹೋಗಬೇಕೋ ಇವರ ಹತ್ತಿರ ಹೋಗಬೇಕೋ ತಿಳಿಯದೆ, ಸ್ಟುಪಿಡ್ ಥರ ನಡುವೆ ನಿಂತೆ.

ಎಣ್ಣೆ ಕುಡಿದ ಪ್ಯಾಡು ಕೆಲಸಕ್ಕೆ ಬಾರದು. ಮರುದಿನ ಇವರು ಬಸ್ಸಿನಲ್ಲಿ ಮಿರಜಿಗೆ ಹೋಗಿ ಬೇರೆ ತಂದರು. ಅವರು ಬರುವಷ್ಟರಲ್ಲಿ ಅತ್ತೆ ಡಿಸ್ಕುಗಳನ್ನು ಬಿಸಿನೀರು, ಸಾಬೂನು ಪುಡಿ ಹಾಕಿ ತಿಕ್ಕಿ ಇಟ್ಟಿದ್ದರು. ನಾನು ತಿಕ್ಕುತ್ತೇನೆಂದರೆ ಕೊಡಲಿಲ್ಲ. ತಾವೇ ಇಟ್ಟ ಕುಂಕುಮವನ್ನು ತಾವೇ ತೊಳೆಯುವಾಗ ಒಂದು ಗಳಿಗೆ ಕೈ ನಿಂತಿತು, ಮತ್ತೆ ತಿಕ್ಕಿದರು. ಇವರು ಮೇಲಿಂದ ಪೆಟ್ರೋಲಿನಲ್ಲಿ ಒರೆಸಿ ಎಲ್ಲವನ್ನೂ ಜೋಡಿಸಿದರು.

ಮತ್ತೆ ಟ್ರಯಲ್. ಇವರು ಸ್ಟಾರ್ಟ್ ಮಾಡುವ ಮೊದಲೇ ಆ ಕಡೆಯ ಬಾಗಿಲು ತೆರೆಯಿತು. ಅತ್ತೆ ಒಳಗೆ ಬಂದು ಕೂತರು.

“ಅವ್ವಾ, ಇಳೀ. ಇನ್ನೂ ಹಿಡಿತೈತೋ ಇಲ್ಲೋ ನೋಡಿಲ್ಲ.”

“ನೋಡಾಕ ಅಂತನ ಕುಂತೀನಿ.”

“ಬ್ಯಾಡವ್ವಾ, ಕೇಳು.”

“ನೀ ಒಬ್ಬಾಂವ ಹೊಂಟೀದಿ, ನಾ ಬಾಗಲದಾಗ ನಿಂತು ಜೀಂವಾ ಹಿಡಕೊಂಡಿರಲೇನು? ಆ ಬಸ್ಸಿನಾಗೂ ಹಂಗ ಆಗತಿತ್ತಪಾ, ನೀ ಎಲ್ಲೆ ಗುದ್ದಿದೀ ಏನೋ ಅಂತ. ಹೊಡಿ ಗಾಡಿ.”

ಇವರು ಕೀಲಿ ತಿರುಗಿಸಿದರು. ಆಮೇಲೆ ಕಾರು ಓಣಿ ದಾಟಿ ಹೊಲದ ಹಾದಿ ಹಿಡಿಯಿತು. ದೂರದಲ್ಲಿ ನಿಂತಿತು. ಮತ್ತೆ ಹೊರಟಿತು, ಮತ್ತೆ ನಿಂತಿತು. ಧೂಳಿನಲ್ಲಿ ಅತ್ತೆಯ ಕೈ ಹೊರಗೆ ಬಂದು, ಎತ್ತು ಹೊಡೆಯುವವರ ಹಾಗೆ, ಮುಂದೆ ಮುಂದೆ ಎಂದು ಸನ್ನೆ ಮಾಡಿತು. ಅವರು ಮನೆಗೆ ತಿರುಗಲೇ ಇಲ್ಲ, ಹಾಗೇ ಅಂಕಲಿಗೆ ಹೋಗಿಬಿಟ್ಟರು. ಸಂಜೆಯ ರೊಟ್ಟಿಗಳನ್ನು ಕಾಕಾ ಬಂದು ತಿಂದರು.

ಕುಸುಬಿ ಎಣ್ಣೆಯ ಈ ಕತೆಯನ್ನು ನಾನು ಎಷ್ಟು ಪಾರ್ಟಿಗಳಲ್ಲಿ ಹೇಳಿ ನಗಿಸಿದ್ದೇನೋ. ಬಣವೆಗೆ ಬಂದು ನಿಲ್ಲಿಸುತ್ತಿದ್ದೆ, ನಗು ಅಲ್ಲಿಗೇ ಸಿಗುತ್ತಿತ್ತು. ಅತ್ತೆ ಕಾರಿಗೆ ಹೆದರಿದ್ದರೆಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಅವರು ಬಸ್ಸಿನಲ್ಲೂ ಹೆದರಿಕೊಂಡೇ ಕೂತಿದ್ದರೆಂಬ ಆ ಮಾತು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಇಂದು ಬೆಳಿಗ್ಗೆ ಇಳಿಯಿತು.

ಮಗಳು ಗಾಲಿ ಬಿಗಿದು, ಕೈ ತೊಳೆದುಕೊಂಡು ಬಂದಳು. “ಮೊದಲನೇ ರೌಂಡ್ ನಾ ಒಬ್ಬಾಕಿನ ಹೋಗಿ ಬರ್ತೀನಿ ಮಮ್ಮಿ, ಟೆಸ್ಟ್ ಮಾಡಬೇಕು.”

ನನ್ನ ಸೊಂಟ ನೋವು ಅವಳಿಗೆ ಗೊತ್ತು. ನಾನು ಸೀಟಿನೊಳಗೆ ಇಳಿಯಲಿಕ್ಕೆ ತೆಗೆದುಕೊಳ್ಳುವ ಹೊತ್ತಿನಲ್ಲಿ ಒಂದು ಹಲ್ಲು ಕಿತ್ತು ಮುಗಿಸಬಹುದು ಎಂದು ಅವಳೇ ಚೇಷ್ಟೆ ಮಾಡುತ್ತಾಳೆ. ಅವಳು “ಬ್ಯಾಡ, ಬ್ಯಾಡ” ಅನ್ನುತ್ತಿದ್ದಳು. ನಾನು ಒಂದು ಕಾಲು ಒಳಗಿಟ್ಟೆ, ಬಾಗಿಲು ಹಿಡಿದು ಇನ್ನೊಂದನ್ನೂ ಎಳೆದುಕೊಂಡೆ.